ಎಡಗಡೆ ಸೀಟಿಗೂ ಕೆಂಪು ವೆಲ್ವೆಟ್

ಅತ್ತೆ,

ಸೂಳಗಿರಿಯಿಂದ ಸೋಫಾ ರಿಪೇರಿಯ ಲಕ್ಷ್ಮೀಪತಿ ಇವತ್ತು ಮತ್ತೆ ಬರುತ್ತಾರೆ. ನಿನ್ನೆಯ ಹಾಗೆ ಬಾಗಿಲಲ್ಲೇ ವಾಪಸ್ ಕಳಿಸಬೇಡಿ. ಕಾಫಿ ಕೊಡಿ, ಸಲಹೆ ಬೇಡ.

ಸೋಫಾದ ಬಟ್ಟೆ ಬೀರುವಿನಲ್ಲಿದೆ. "ಅವನು ಹೋಗಿ ವರ್ಷ ತುಂಬಿಲ್ಲ, ಕೆಂಪು ಹಾಕಿಸ್ತೀಯೇನಮ್ಮಿ? ಬಂದೋರು ಏನಂದ್ಕಂತಾರೆ?" ಅಂದಿರಿ. ಗಂಡ ಸತ್ತಿದ್ದು ನನಗೆ, ಸೋಫಾಗಲ್ಲ.

ವೆಲ್ವೆಟ್ ಮೇಲೆ ಕೈಯಾಡಿಸಿದರೆ ನುಣುಪಾಗಿ ಹೋಗುವ ದಿಕ್ಕು ಎಲ್ಲ ಸೀಟಿಗೂ ಒಂದೇ ಇರಬೇಕು. ಒಂದರ ಬಟ್ಟೆ ತಿರುಗಿಸಿ ಮೊಳೆ ಹೊಡೆದರೆ ಅದು ಬೇರೆ ಬಣ್ಣದ ಹಾಗೆ ಕಾಣುತ್ತದೆ. ಅದೊಂದು ಮಾತನ್ನು ಮಾತ್ರ ಅವರಿಗೆ ಹೇಳಿ.

ಸ್ಪಂಜು ಮೂರೂ ಸೀಟಿಗೆ ಹೊಸದು. ಎಡಗಡೆಯದಕ್ಕೂ. ನಿಮ್ಮ ಮಗ ಕೂತು ಕೂತು ಮಾಡಿದ ಗುಂಡಿಯ ಮೇಲೆ ದಿಂಬಿಟ್ಟು, ನೀವು ಯಾರನ್ನೂ ಅಲ್ಲಿ ಕೂರಲು ಬಿಡುತ್ತಿಲ್ಲ. ಅದು ಗುಡಿಯಲ್ಲ ಅತ್ತೆ. ಕ್ರಿಕೆಟ್ ನೋಡುತ್ತಾ ಕಡಲೆಕಾಯಿ ಸಿಪ್ಪೆ ಉದುರಿಸಿದ ಜಾಗ. ಹಳೇ ಸ್ಪಂಜು ಬೇಕಿದ್ದರೆ ನೀವೇ ಇಟ್ಟುಕೊಳ್ಳಿ, ನನಗೆ ತೋರಿಸಬೇಡಿ.

ಕೆಲಸ ಮುಗಿದ ಮೇಲೆ ಅಲ್ಲಿ ಮೊದಲು ನೀವು ಕೂತುಬಿಡಿ. ಸಂಜೆ ನಾನು ಬಾಗಿಲು ತೆಗೆದಾಗ ಆ ಸೀಟು ಖಾಲಿ ಇರಬಾರದು.

ಸರಳಾ