ಚೌಡಯ್ಯನ ಮಾತು, ನನ್ನ ಕೊಟೇಶನ್

ಮಂಡ್ಯ, ೧೨ ಫೆಬ್ರವರಿ ೧೯೩೬

ಇಂದು ತಾಲ್ಲೂಕು ಕಚೇರಿಯಲ್ಲಿ ಮೂವರ ಹೇಳಿಕೆ ಬರೆದೆ. ನಿಬ್ಬು ಕೆಟ್ಟದ್ದು. ಆದರೂ ಸಾಹೇಬರು ಮೆಚ್ಚಿದರು — “ಪಾರ್ಥಸಾರಥಿ, ಆಡಿದ ಮಾತಿಗೆ ಇಂಗ್ಲಿಷಿನ ಹಾಗೆ ಕೊಟೇಶನ್ ಗುರುತು ಹಾಕ್ತೀರಿ. ಭೇಷ್!” ಮುಖ್ಯವಾದ ಮಾತಿನ ಕೆಳಗೆ ಗೆರೆ ಎಳೆಯಬೇಕಂತೆ. ಅಚ್ಚಿನಲ್ಲಾದರೆ ಇಟಾಲಿಕ್ಸ್, ಓರೆ ಅಕ್ಷರ. ಒಳಗೊಳಗೇ ಉಬ್ಬಿದೆ.

ಕೊನೆಯವನು ಹನಕೆರೆಯ ರೈತ ಚೌಡಯ್ಯ. ನಾಲೆಯ ತೂಬನ್ನು ಯಾರೋ ಗುಟ್ಟಾಗಿ ತೆರೆದು ನೀರು ಹರಿಸಿದ ಕೇಸು. ಅವನ ಮಾತು ಉದ್ದ, ತಿದ್ದಿ ಒಂದೇ ಸಾಲಿಗೆ ತಂದೆ: “ತೂಬಿನ ಬಳಿಗೆ ಹೋದವನು ನಾನೇ.” ‘ನಾನೇ’ ಕೆಳಗೆ ಗೆರೆ. ಹೆಬ್ಬೆಟ್ಟು ಒತ್ತಿದ. ‘ಓದಿ ಹೇಳಲಾಯಿತು, ಒಪ್ಪಿದ’ ಎಂದು ಬರೆದು ಸಹಿ ಹಾಕಿದೆ. ಓದಿ ಹೇಳಲಿಲ್ಲ. ಯಾವ ಗುಮಾಸ್ತನೂ ಹೇಳುವುದಿಲ್ಲ.

೨೭ ಫೆಬ್ರವರಿ

ಕಚೇರಿಯ ಮೆಟ್ಟಿಲ ಮೇಲೆ ಚೌಡಯ್ಯನ ಹೆಂಡತಿ ಅಂಕಮ್ಮ. ಗಂಡನನ್ನು ಪೊಲೀಸರು ಹಿಡಿದೊಯ್ದಿದ್ದಾರೆ. ಅವನ ಬಾಯಿಂದಲೇ ಬಂದ ಮಾತು, ಕೊಟೇಶನ್ನಿನಲ್ಲಿದೆ ಎನ್ನುತ್ತಾರಂತೆ. ಮೂರು ತಿಂಗಳ ಜೈಲು ಆದೀತು.

“ಅದೇನ್ ಬರುದ್ರಿ ಸ್ವಾಮಿ? ತೂಬು ತಗ್ದಿತ್ತು, ನೀರು ಪೋಲಾಯ್ತದೆ ಅಂತ ಮುಚ್ಚಕ್ಕೋಗಿದ್ರು. ನಿಮ್ಗೂ ಅದ್ನೇ ಏಳವ್ರೆ. ಮುಚ್ಚಕ್ಕೆ ಅನ್ನೋ ಮಾತು ಎಲ್ಲೋಯ್ತು?”

ಹೌದು, ಹೇಳಿದ್ದ. ಉದ್ದವಾಯಿತೆಂದು ಬಿಟ್ಟೆ. ಥೂ, ನನ್ನ ಬರವಣಿಗೆಗೆ ಬೆಂಕಿ ಬೀಳ!

೨೮ ಫೆಬ್ರವರಿ

ಮನೆಯವಳು ಪಂಕಜಮ್ಮ — “ಅವನಂದ ಹಾಗೇ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ನಿಜ. ಆ ಕೊಟೇಶನ್ ಗುರುತಿನ ಒಳಗಿನದು ಅವನ ಮನೆ. ಕೇಳದೆ ನುಗ್ಗಿ ನನಗೆ ಬೇಕಾದ ಹಾಗೆ ಪಾತ್ರೆ ಜೋಡಿಸಿಬಿಟ್ಟೆ.

ಸಾಹೇಬರಿಗೆ ಹೇಳಿದೆ. “ಸುಮ್ಮನಿರಿ. ಓದಿ ಹೇಳಿದೆ ಅಂತ ಸಹಿ ಹಾಕಿದೀರಿ. ಸುಳ್ಳು ಅಂದರೆ ಹೋಗೋದು ನಿಮ್ಮ ಕೆಲಸ.”

ಭಯವಾಗುತ್ತಿದೆ.

೯ ಮಾರ್ಚ್, ಸಂಜೆ

ಕೋರ್ಟು. ಸಾಕ್ಷಿ ಕಟ್ಟೆಯಲ್ಲಿ ನಾನು. ಮ್ಯಾಜಿಸ್ಟ್ರೇಟರು ಹೇಳಿಕೆ ತೋರಿಸಿ ಕೇಳಿದರು — “ಇದು ಆರೋಪಿಯ ಮಾತೇ?” ಚೌಡಯ್ಯ ನನ್ನನ್ನೇ ನೋಡುತ್ತಿದ್ದ.

“ಅಲ್ಲ ಸ್ವಾಮಿ, ನನ್ನದು. ಓದಿಯೂ ಹೇಳಿಲ್ಲ.”

ಅವನು ಅಂದದ್ದನ್ನು ಅಂದ ಹಾಗೇ ಒಪ್ಪಿಸಿದೆ. ಆ ಹಳ್ಳಿ ಮಾತಿಗೆ ಯಾರೋ ನಕ್ಕರು. ಚೌಡಯ್ಯ ನಗಲಿಲ್ಲ, ಒಂದೊಂದು ಮಾತಿಗೂ ತಲೆಯಾಡಿಸಿದ. ಅವನಿಗೆ ಬಿಡುಗಡೆಯಾಯಿತು. ನನಗೆ, ನಾಳೆಯಿಂದ ಕಚೇರಿಗೆ ಬರಬೇಡಿ ಎಂದರು ಸಾಹೇಬರು.

೨೨ ಮಾರ್ಚ್

ಈಗ ಮನೆಯ ಜಗಲಿಯಲ್ಲೇ ಅರ್ಜಿ ಬರೆಯುತ್ತೇನೆ. ಇಂದು ಚೌಡಯ್ಯ ಬಂದ. ಕಬ್ಬಿಗೆ ನೀರು ಸಾಲದೆಂದು ಅರ್ಜಿ. ಬರೆದು ಮುಂದಿಟ್ಟೆ. ಹೆಬ್ಬೆಟ್ಟು ಒತ್ತಲಿಲ್ಲ.

“ಮೊದ್ಲು ಓದೇಳಿ ಸ್ವಾಮಿ.”

ಓದಿದೆ. ಕಣ್ಣು ಮುಚ್ಚಿ ಕೇಳಿದ.

“ಚಂದಾಗದೆ. ಆದ್ರೆ ನಾನಂದಿದ್ದು ಇದಲ್ಲ ಕಣ್ ಸ್ವಾಮಿ.”

ಅಯ್ಯೋ, ಮತ್ತೆ ತಿದ್ದಿಬಿಟ್ಟಿದ್ದೆ! ಹಾಳೆ ಹರಿದು ಹೊಸದು ತೆಗೆದೆ. ಅವನು ಮೊದಲಿಂದ ಹೇಳಿದ. ನಾನು ನಿಧಾನವಾಗಿ, ಅವನಂದ ಹಾಗೇ ಬರೆದೆ.