ಬಾಲವಿರುವ ಸಹಿ

ಮಾರ್ಚ್ 3, ಸೋಮವಾರ

ಮೇಲಿನ ದವಡೆ ನಾಲ್ಕು, ಕೆಳಗಿನದು ಎರಡು. ಪಾಲಿಶ್ ಮುಗಿಯಿತು. ಈ ಹೊಸ ಡೆಂಟಲ್ ಲ್ಯಾಬಿನಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಊರವರಿಗೆಲ್ಲ ಹಲ್ಲು ಸೆಟ್ ಮಾಡುತ್ತೇನೆ. ನನ್ನ ಬಾಯಿ ತೆರೆಯುವುದು ಊಟಕ್ಕೆ, ಆಕಳಿಕೆಗೆ.

ವೀಸಾ ಏಜೆಂಟ್ ಫೋನ್. ಯುರೋಪಿನ ಲ್ಯಾಬಿನವರ ಕೆಲಸದ ಪತ್ರ ಸರಿಯಿದೆಯಂತೆ. ತಕರಾರು ನನ್ನ ಹಳೆಯ ಲ್ಯಾಬಿನ ಅನುಭವಪತ್ರದ್ದು. "ಮೇಡಂ, ಓನರ್ ಸೈನು ಹಳೇ ಪೇ ಸ್ಲಿಪ್‌ಗೆ ಮ್ಯಾಚ್ ಆಗ್ತಿಲ್ಲ. ಇಪ್ಪತ್ತೆಂಟಕ್ಕೆ ಅಪಾಯಿಂಟ್‌ಮೆಂಟ್. ಅಷ್ಟರೊಳಗೆ ಸರಿಯಾದ್ದು ತನ್ನಿ."

ಎಲ್ಲಿಂದ ತರಲಿ? ಹೋದ ವರ್ಷ ಆ ಲ್ಯಾಬಿನ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಲ್ಯಾಬ್ ಮುಚ್ಚಿದ್ದೇ ಅದಕ್ಕೆ. ಅನುಭವಪತ್ರಕ್ಕೆ ಸಹಿ ಗೀಚಿದ್ದು ಆಮೇಲೆ. ಹನ್ನೊಂದು ವರ್ಷ ನನಗೆ ಕೆಲಸ ಕಲಿಸಿದ ಕೈ.

ಮಾರ್ಚ್ 4

ಸಂಜೆ ಆರಕ್ಕೆ ಅವರ ಮನೆ. ಒಬ್ಬರೇ ಇದ್ದಾರೆ. ಕೆಳಗಿನ ಮನೆಯವರು ಊಟ ಕೊಟ್ಟು ಹೋಗುತ್ತಾರಂತೆ.

"ಸೈನ್ ತಾನೆ? ಪ್ರಾಕ್ಟೀಸ್ ಮಾಡೋಣ ಬಾ. ಮೇಣದಲ್ಲಿ ಹಲ್ಲು ಕೆತ್ತೋದು ಕಲಿಯೋವಾಗ ನೀನೇನು ಕಮ್ಮಿ ಸತಾಯಿಸಿದ್ಯಾ?"

ಮೊದಲ ಸಹಿ ಎರೆಹುಳು ಹರಿದಂತೆ. ಇಬ್ಬರೂ ನಕ್ಕೆವು.

ಮಾರ್ಚ್ 9

ದಿನಾ ಆರಕ್ಕೆ. ಇಪ್ಪತ್ತು ಸಹಿ, ಒಂದು ಟೀ, ಕಾಡುಹರಟೆ. ಬೈಗುಳ ಮಾತ್ರ ನನಗೆ — "ಪೇಪರ್ ಗಟ್ಟಿಯಾಗಿ ಹಿಡ್ಕೋ, ನಿನ್ ಕೈಗೂ ಲಕ್ವ ಹೊಡೀತಾ?" ಮದುವೆ ಫೋಟೋದಲ್ಲಿದ್ದ ನಗುವೇ ಬೇಕೆಂದು ಸೆಟ್ ವಾಪಸ್ ತಂದಿದ್ದ ಅಜ್ಜನ ಕಥೆ ಮೂರನೇ ಸಲ ಹೇಳಿದರು. ಮೂರನೇ ಸಲವೂ ನಕ್ಕೆ.

ಸಹಿಯ ಕೊನೆಯ ಬಾಲ ಇನ್ನೂ ಬರುತ್ತಿಲ್ಲ.

ಮಾರ್ಚ್ 19

ಹತ್ತು ದಿನ ಬರೆದಿಲ್ಲ. ಮಾತೆಲ್ಲ ಅಲ್ಲೇ ಖರ್ಚಾಗುತ್ತಿತ್ತು.

ಇವತ್ತು ಟೀ ಚೆಲ್ಲಿತು. ಒರೆಸಲೆಂದು ರಾಶಿಯಿಂದ ಹಳೆಯ ನ್ಯೂಸ್‌ಪೇಪರ್ ಎಳೆದೆ. ಅಂಚಿನಲ್ಲಿ ಸಹಿ. ಒಂದಲ್ಲ, ಎಂಟು. ಪೇ ಸ್ಲಿಪ್‌ನಲ್ಲಿದ್ದ ಹಾಗೆಯೇ, ಬಾಲ ಸಮೇತ. ಪೇಪರಿನ ತಾರೀಖು ನೋಡಿದೆ — ಹನ್ನೊಂದು. ಆವತ್ತಿನಿಂದಲೇ ಬರುತ್ತಿತ್ತು!

ಮೈಯೆಲ್ಲ ಉರಿಯಿತು. ನನ್ನ ವೀಸಾ ಇವರಿಗೆ ಆಟವೇ? ಕೇಳಿಯೇ ಬಿಡೋಣವೆಂದು ತಿರುಗಿದೆ. ಬೇಕೆಂದೇ ಕೈ ವಾಲಿಸಿ ಸೊಟ್ಟಗೆ ಗೀಚುತ್ತಿದ್ದರು.

"ಇವತ್ತೂ ಬರ್ಲಿಲ್ಲ ಕಣಮ್ಮ. ನಾಳೆ ಬರ್ತೀಯಲ್ಲ?"

"ಬರ್ತೀನಿ ಸರ್."

ಪೇಪರ್ ಮಡಚಿ ರಾಶಿಯಡಿ ಇಟ್ಟೆ. ಆ ಸಂಜೆಗಳು ನನಗೂ ಬೇಕಾಗಿದ್ದವು. ಇಲ್ಲಿ ಬರೆದುಕೊಳ್ಳಲು ಏನು ನಾಚಿಕೆ.

ಮಾರ್ಚ್ 27

ನಾಳೆ ಅಪಾಯಿಂಟ್‌ಮೆಂಟ್. ಹೊಸದಾಗಿ ಟೈಪ್ ಮಾಡಿಸಿದ ಅನುಭವಪತ್ರವನ್ನು ಯಜಮಾನರ ಮುಂದಿಟ್ಟೆ. ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಒಂದೇ ಉಸಿರಿಗೆ ಸಹಿ ಹಾಕಿದರು.

"ಬಂತು ನೋಡು!" ಅಂದರು. ನಗಲಿಲ್ಲ. ನಾನೂ ನಗಲಿಲ್ಲ.

ಮಾರ್ಚ್ 29

ನಿನ್ನೆ ಫೈಲ್ ಕೊಟ್ಟಾಯಿತು. ಇನ್ನು ಅವರ ಮನೆಯಲ್ಲಿ ನನಗೇನು ಕೆಲಸ? ಆದರೂ ಆರಕ್ಕೆ ಚಪ್ಪಲಿ ಮೆಟ್ಟಿದ್ದೆ. ಬಾಗಿಲು ತೆರೆದೇ ಇತ್ತು. ಎರಡನೇ ಕುರ್ಚಿಯೂ ಹಾಕಿತ್ತು.

"ಇನ್ನೊಂದು ಕಾಪಿ ಬೇಕಂತಾ?"

"ಹೂಂ ಸರ್, ಕೇಳಿದ್ದಾರೆ."

ಯಾರೂ ಕೇಳಿಲ್ಲ.

ಏಪ್ರಿಲ್ 16

ಪಾಸ್‌ಪೋರ್ಟ್ ಬಂತು. ಒಳಗೆ ವೀಸಾ! ಐದು ಸಲ ತೆರೆದು ನೋಡಿದೆ. ಕೂಗಿ ಹೇಳೋಣವೆಂದರೆ ಕೋಣೆಯಲ್ಲಿ ಯಾರು... ಹೇಳುವುದಿದ್ದರೆ ಅವರೊಬ್ಬರಿಗೆ.

ಆರಕ್ಕೆ ಹೋದೆ. "ಬಂತಾ?" ಅಂದರು.

"ಇನ್ನೂ ಇಲ್ಲ ಸರ್."

ಹೇಗೆ ಬಂತೋ ಆ ಮಾತು. ಟೀ ಲೋಟವನ್ನೇ ನೋಡುತ್ತಿದ್ದೆ.

ಏಪ್ರಿಲ್ 24

ಎಂಟು ದಿನ ಅದೇ ಸುಳ್ಳು. ಯಾವಾಗ ಬರುತ್ತೀರಿ ಎಂದು ಅಲ್ಲಿಯ ಲ್ಯಾಬಿನವರ ಎರಡನೇ ಮೇಲ್. ಉತ್ತರಿಸಿಲ್ಲ.

ಇವತ್ತು ಯಜಮಾನರು ಏನೂ ಕೇಳಲಿಲ್ಲ. ದಿಂಬಿನಡಿಯಿಂದ ಹಳೆಯ ಲೆಟರ್‌ಹೆಡ್ ತೆಗೆದು ಕೊಟ್ಟರು. ಸಾಲುಗಳು ಏರಿಳಿದಿವೆ, ಇಡೀ ದಿನ ಬರೆದಿರಬೇಕು. 'ಇವರನ್ನು ನಮ್ಮ ಲ್ಯಾಬಿನ ಕೆಲಸದಿಂದ ಬಿಡುಗಡೆ ಮಾಡಲಾಗಿದೆ.' ಕೆಳಗೆ ಸಹಿ. ಬಾಲ ಸಮೇತ.

"ಲ್ಯಾಬ್ ಮುಚ್ಚೋವಾಗ ನಿಂಗೆ ಇದು ಕೊಡೋದು ಮರ್ತಿದ್ದೆ. ಅಲ್ಲಿ ಕೇಳಿದ್ರೆ ಬೇಕಾಗುತ್ತೆ, ಇಟ್ಕೋ."

"ಸರ್... ವೀಸಾ ಇನ್ನೂ—"

"ಹನ್ನೊಂದು ವರ್ಷದಲ್ಲಿ ಎಲ್ಲಾ ಕಲ್ತೆ. ಸುಳ್ಳು ಹೇಳೋದೊಂದು ಕಲೀಲಿಲ್ಲ ನೀನು."

ಏನಾದರೂ ಹೇಳಬೇಕೆಂದು, "ತಾರೀಖು ಹಾಕಿಲ್ಲ ಸರ್" ಅಂದೆ.

"ಅದು ನನ್ ಕೈಲಾಗಲ್ಲ ಕಣಮ್ಮ. ನೀನೇ ಹಾಕ್ಕೋ."

ಕೋಣೆಗೆ ಬಂದು ಕೂತಿದ್ದೇನೆ. ಪತ್ರ ಎದುರಿಗಿದೆ. ಇದೇ ಪೆನ್ನು ಸಾಕು. ತಾರೀಖು —