ಮುಂದಿನ ಸೀಟು

ಅಕ್ಟೋಬರ್ 5, ಶನಿವಾರ. ಮಾನ್ವಿ

ಪೇಪರ್ ತಿದ್ದೋದು ಮುಗೀತು. ಸಾಲಿಗೆ ದಸರಾ ರಜೆ. ರಾಯಚೂರಿನಿಂದ ತಮ್ಮ ಅಂಬರೇಶನ ಫೋನ್. ಬ್ಯಾಂಕಿನ ನೌಕರಿ, ಎಲ್ಲದಕ್ಕೂ ಅವಸರ. ಹೈದರಾಬಾದಿನಿಂದ ಗೋವಾಕ್ಕೆ ವಿಮಾನ, ಅವ್ವನ್ನೂ ಕರ್ಕೊಂಡು — ಹುಕುಂ. ಕಾರಿನಾಗ ಹೋಗೋಣ, ದಾರಿ ನೋಡ್ಕೋತ, ನಾನೇ ಓಡಿಸ್ತೀನಿ ಅಂದೆ. ಸಿಟ್ಟಿಗೆದ್ದ. ನಮ್ಮ ಕೇರಿಯಾಗ ಇನ್ನೂ ಯಾರೂ ವಿಮಾನ ಏರಿಲ್ಲ, ಏರೋದೂ ಹೋರಾಟನೇ ಅಂತ ನನಗೇ ಭಾಷಣ. ಅವನಿಗೆ ಭಾಷಣ ಕಲಿಸಿದಾಕಿ ನಾನು... ಖರೇನೇ ಹೇಳಿದ್ದ.

ಅಕ್ಟೋಬರ್ 9. ದೇವದುರ್ಗ, ಅವ್ವನ ಮನಿ

ಅವ್ವನ್ನೇ ಕೇಳಿದ್ವಿ. ರೊಟ್ಟಿ ಬಡಿಯಾಕತ್ತಿದ್ದಳು. ತಲೆ ಎತ್ತಲಿಲ್ಲ.

"ವಿಮಾನದ ದಾರಿ ನಾ ಹಾಕಿಲ್ಲಪ. ಕವಿತಾಳದ ದಾರಿ ಹಾಕೀನಿ. ಅದರ ಮ್ಯಾಲ ಕರ್ಕೊಂಡು ಹೋಗ್ರಿ."

ಅಂಬರೇಶ ವಿಮಾನದ ಟಿಕೆಟ್ಟು ನೋಡಾಕತ್ತಿದ್ದ ಮೊಬೈಲು ಕಿಸೆಗೆ ಇಟ್ಟ.

ಆಮೇಲೆ ಒಂದೊಂದೇ ಹೊರಬಂತು. ಡಾಂಬರು ಗ್ಯಾಂಗು. ಕಾಲಿಗೆ ಗೋಣಿತಟ್ಟು ಸುತ್ತಿ ಸುಡೋ ರಸ್ತೆ ಮೇಲೆ ದುಡಿದ ಹೆಂಗಸರು. ಅವ್ವ, ಗೆಳತಿ ರೇಣುಕಮ್ಮ — ಜೋಡಿ. ಗುತ್ತೇದಾರನ ಜೀಪು ಬಂದರೆ ಹಾರ್ನು. ತಲೆ ಮೇಲಿನ ಜಲ್ಲಿ ಪುಟ್ಟಿ ಸಮೇತ ಜಾಲಿಮುಳ್ಳಿನೊಳಗ ಸರಿಯಬೇಕು. ಅವನು ಮುಂದಿನ ಸೀಟಿನಾಗ ಕಾಲು ಚಾಚಿ ಕೂತಿರತಿದ್ದನಂತ. ಒಂದಿನ ನಾವೂ ಹಿಂಗೇ ಮುಂದ ಕುಂತು ಹೋಗೂಣು ಅಂತ ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. ಬಸ್ಸಿನಾಗ ಎಷ್ಟೋ ಸಲ ಹೋಗ್ಯಾರ. ನಿಂತು. ಮಂದಿ ಬೆನ್ನು ನೋಡ್ಕೋತ.

ರಸ್ತೆ ಹಾಕಿದವರು ನಿಲ್ಲಬೇಕು, ಹಾರ್ನು ಹೊಡೆದವರು ಕೂಡಬೇಕು. ಥೂ.

ಅವ್ವನ ಷರತ್ತು: ರೇಣುಕಮ್ಮ ಕವಿತಾಳದಾಗ ಅದಾಳ, ಆಕಿನೂ ಗೋವಾತನಕ ಬರಬೇಕು. ಮುಂದಿನ ಸೀಟು ಒಂದೇ ಅದ ಅಂದ ಅಂಬರೇಶ. ಅವ್ವಗ ಕೇಳಿಸಲೇ ಇಲ್ಲ.

ಅಕ್ಟೋಬರ್ 13, ಸಂಜೆ. ರಾಯಚೂರು, ಅಂಬರೇಶನ ಮನಿ

ವಿಮಾನ ಬೇಕಂದವನು ಮೂರು ಸಲ ಟೈರಿನ ಗಾಳಿ ನೋಡಿ ಬಂದ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಯಾತು. ಅವ್ವ ಹೊಸ ಸೀರಿ ಮಡಿಚಿ, ಬಿಚ್ಚಿ, ಮತ್ತ ಮಡಿಚಿದಳು. ನಾನೂ ಜಾಥಾ ಹೊರಡೋ ಹಿಂದಿನ ದಿನದಂಗ ಚೀಲ ಎರಡು ಸಲ ಎಣಿಸಿದೆ.

ಅಕ್ಟೋಬರ್ 14, ಬೆಳಿಗ್ಗೆ. ಕವಿತಾಳ

ಕಲ್ಲೂರು ದಾಟಿದ ಮೇಲೆ ಹತ್ತಿ ಒಡೆದು ಹೊಲಾನೇ ಬೆಳ್ಳಗ. ಅವ್ವ ಹಿಂದಿನ ಸೀಟಿನಾಗ. ರೇಣುಕಿ ಇಲ್ಲದೆ ಮುಂದ ಹೆಂಗ ಕುಂದರಲಿ ಅಂತ ಹಟ.

ರೇಣುಕಮ್ಮ ಚೀಲ ಹಿಡಕೊಂಡು ಬಾಗಿಲಾಗೇ ನಿಂತಿದ್ದಳು. ಮುಂದ ನೀ ಕುಂದರು, ಇಲ್ಲ ನೀ ಕುಂದರು... ಓಣಿ ಮಂದಿ ಕೂಡಿ ನಗಾಕತ್ತಿದರು. ಕಡೀಗೆ ರೇಣುಕಮ್ಮ ಸೊಂಟದ ಮ್ಯಾಲ ಕೈ ಇಟ್ಟಳು.

"ಒಂದು ಗೋಣಿಚೀಲ ಹರಿದು ನಾಕು ಕಾಲಿಗೆ ಸುತ್ತಿದವರು ನಾವು. ಒಂದು ಸೀಟಿನಾಗ ಇಬ್ಬರು ಹಿಡಿಯಂಗಿಲ್ಲೇನು ಬೇ?"

ಹಿಡಿದರು. ಬೆಲ್ಟು ಹಿಡಿಯಲಿಲ್ಲ. ಗಾಡಿ ಕೀಂ ಕೀಂ ಅಂತ ಒದರಾಕತ್ತದ. ಊರು ದಾಟೋತನಕ ಅಷ್ಟೇ, ಮೆಲ್ಲಕ, ಅಂದೆ. ಅಂಬರೇಶ ಹಿಂದ, ಬ್ಯಾಗುಗಳ ನಡುವ, ಕಾನೂನು ಹೇಳ್ಕೋತ.

ಅದೇ ದಿನ, 11 ಗಂಟೆ. ಊರ ಹೊರಗ, ಗಾಡಿ ನಿಂತದ

ದೂರದಿಂದಲೇ ಡಾಂಬರು ವಾಸನಿ. ಅವ್ವ ಕಿಟಕಿ ಗಾಜು ಇಳಿಸಿದಳು.

ರಸ್ತೆ ತೇಪಿ ಹಾಕಾಕತ್ತಾರ. ಹೆಂಗಸರು. ಕಾಲಿಗೆ ಗೋಣಿತಟ್ಟು. ಈಗಲೂ. ಬೂಟು ಕೊಡಾಕ ಗುತ್ತೇದಾರಗ ಯಾವ ದೊಡ್ಡಸ್ತಿಕೆ ಅಡ್ಡ ಬಂತು?

ಅಷ್ಟು ಸಿಟ್ಟಿನಾಗೂ ನನ್ನ ಕೈ... ಹಾರ್ನಿಗೇ ಹೋಗಿತ್ತು. ಅವ್ವ ಮಣಿಕಟ್ಟು ಹಿಡಿದಳು.

"ಒದರಿಸಬ್ಯಾಡ. ನಿಲ್ಲಸು."

ಇಬ್ಬರೂ ಇಳಿದು ಹೋದರು. ಏನು ಮಾತಾಡಿದರೋ. ಈಗ ರೇಣುಕಮ್ಮ ಮುಂದಿನ ಬಾಗಿಲು ತೆಗೆದು ಹಿಡಿದಾಳ, ಒಬ್ಬೊಬ್ಬರೇ ಬರ್ರಿ ಅಂತ. ಒಬ್ಬೊಬ್ಬರನ್ನೂ ಕೂಡಿಸ್ಕೊಂಡು ಅಲ್ಲಿ ಕಾಣೋ ಜಾಲಿಗಿಡದ ತನಕ ನಾ ಹೋಗಿ ಬರಬೇಕು. ಯಾರ ಪರ್ಮಿಷನ್ ಅಂತ ಮೇಸ್ತ್ರಿ ಒದರಿದ. ಅಂಬರೇಶ ಇಳಿದ. ಒಬ್ಬಾಕಿಯ ಪುಟ್ಟಿ ಇಸಗೊಂಡು ತನ್ನ ತಲೆ ಮೇಲೆ ಹೊತ್ತು ಹೇಳಿದ: "ನಮ್ಮವ್ವ ಹಾಕಿದ ರಸ್ತೆರೀ ಇದು."

ಮೊದಲನೇಯಾಕಿ ಬಂದು ಕುಂತಳು. ನನ್ನ ವಿದ್ಯಾರ್ಥಿನಿಯರ ವಯಸ್ಸು. ಕಾಲಿಂದು ಬಿಚ್ಚಲೇನ್ರೀ, ಸೀಟು ಹೊಲಸಾಗತದ ಅಂದಳು. ಬಿಚ್ಚಬ್ಯಾಡ ಅಂದೆ. ಬೆಲ್ಟು ಹಾಕೀನಿ. ಕಾಲು ಚಾಚಾಕತ್ತಾಳ, ಮೆಲ್ಲಕ, ನನ್ನ ಮುಖ ನೋಡ್ಕೋತ... ಪೂರ್ತಿ ಚಾಚು ತಂಗಿ. ಪೆನ್ನು ಇಡತೀನಿ, ಗಾಡಿ —